ನಮ್ಮ ಮರಳು ನಿಮ್ಮ ಮಹಡಿಗೆ, ನಿಮ್ಮ ಮೋರಿ ನಮ್ಮ ಕೆರೆಗೆ

ಕೋಲಾರದ ಕಡೆ 'ಫಿಲ್ಟರ್' ಅಂದರೆ ನೀರು ಸೋಸುವ ಸಾಧನ ಅಂತ ಯಾರೂ ತಿಳಿಯುವುದಿಲ್ಲ. ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆಯ ನಡುವಯಸ್ಸಿನ ಯಾವ ಕೂಲಿಯವನನ್ನಾದರೂ ಕೇಳಿ ನೋಡಿ. "ಫಿಲ್ಟರ್‌ಗೆ ಹೋಗ್ತಿದ್ದೆ ಅಣ್ಣ" ಅಂದರೆ, ಕೆರೆ ಅಂಗಳದಲ್ಲೋ ಯಾರದೋ ಹೊಲದಲ್ಲೋ ಗುಂಡಿ ತೋಡಿ, ಮಣ್ಣಿಗೆ ಡೀಸೆಲ್ ಪಂಪಿನಿಂದ ನೀರು ಹೊಡೆದು, ಕೆಸರು ತೊಳೆದು ಹರಿಯಬಿಟ್ಟು, ತಳದಲ್ಲಿ ಉಳಿದ ಮರಳನ್ನು ರಾತ್ರೋರಾತ್ರಿ ಲಾರಿಗೆ ತುಂಬುತ್ತಿದ್ದ ಎಂದರ್ಥ. ಬೆಂಗಳೂರಿನ ಮಹಡಿಗಳು ಏಳುತ್ತಿದ್ದ ಕಾಲ ಅದು. ವರ್ಷವೆಲ್ಲ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಯಿಂದ ಲೋಡುಗಟ್ಟಲೆ ಮರಳು ಹೋಯಿತು. ಗುಂಡಿಯ ಯಜಮಾನ ಊರಿನವನು. ಗುಂಡಿಯೊಳಗೆ ಇಳಿದವರು ಕಾಲೋನಿಯವರು. ಇದರಲ್ಲಿ ಯಾವ ಲೆಕ್ಕವೂ ತಪ್ಪಲಿಲ್ಲ, ಮನು ಬರೆದಿಟ್ಟ ಹಾಗೇ ನಡೆಯಿತು.

ನಾನೂ ಎರಡು ಬೇಸಿಗೆ ಹೋದವನೇ. ಎರಡನೆಯ ಬೇಸಿಗೆಯಲ್ಲಿ ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು, ದರೆ ಕುಸಿದು ಮಣ್ಣಿನೊಳಗೇ ಹೋದ. ಬೆಳಕು ಹರಿಯುವುದರೊಳಗೆ ಹೆಣ ಮನೆಗೆ ಬಂತು, ಹೆಣದ ಜೊತೆ ಒಂದು ಕವರೂ ಬಂತು. ಕೇಸೂ ಇಲ್ಲ, ಕಾಗದವೂ ಇಲ್ಲ. "ಆಯಸ್ಸು ಅಷ್ಟೇ ಇತ್ತು ಕಣಪ್ಪ" ಅಂತ ಯಜಮಾನ ಚಿಕ್ಕಪ್ಪನಿಂದ ನಾಲ್ಕು ಮಾರು ದೂರ ನಿಂತು ಸಮಾಧಾನ ಹೇಳಿದ. ಎಂ-ಸ್ಯಾಂಡ್ ಬಂದ ಮೇಲೆ ಈ ದಂಧೆಯ ಅಬ್ಬರ ಇಳಿಯಿತು. ಅಷ್ಟರಲ್ಲಿ ಇಳಿಯಬೇಕಾದ ಮರಳೆಲ್ಲ ಬೆಂಗಳೂರಿನಲ್ಲಿ ಇಳಿದಾಗಿತ್ತು.

ಹಳೆಯ ಗಾಯ ಕೆರೆದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಈಗ ಅದೇ 'ಫಿಲ್ಟರ್' ಎಂಬ ಮಾತನ್ನು ಸರ್ಕಾರದ ಬಾಯಲ್ಲಿ ಕೇಳುವ ಭಾಗ್ಯ ನಮ್ಮದಾಗಿದೆ, ಅದಕ್ಕೆ.

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡು ಹಂತದ ಶುದ್ಧಿ ಮಾಡಿಸಿಕೊಂಡು, ಪೈಪಿನಲ್ಲಿ ದಿಣ್ಣೆ ಹತ್ತಿ, ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಕೆ.ಸಿ. ವ್ಯಾಲಿ ಅಂತ ಯೋಜನೆಯ ಹೆಸರು. ದಿನಕ್ಕೆ 44 ಕೋಟಿ ಲೀಟರು ಹರಿಸುವುದು, 126 ಕೆರೆ ತುಂಬಿಸುವುದು, ಕೆರೆಯಿಂದ ಯಾರೂ ನೇರವಾಗಿ ನೀರೆತ್ತದಂತೆ ನೋಡಿಕೊಳ್ಳುವುದು, ಹೀಗೆ ನೀರು ಇಂಗಿ ಅಂತರ್ಜಲ ಏರುವುದು, ಇಷ್ಟು ಅದರ ಸಾರಾಂಶ. ಮೂರನೆಯ ಹಂತದ ಶುದ್ಧಿಯಿಲ್ಲದೆಯೇ ಯೋಜನೆ ಶುರುವಾಯಿತು. ಯಾಕೆ ಅಂದರೆ ಆ ಹಂತವನ್ನು ನಮ್ಮ ಕೆರೆಯ ನೆಲವೇ ಪುಕ್ಕಟೆ ಮಾಡಿಕೊಡುತ್ತದಂತೆ.

ಆ ದಿನಗಳಲ್ಲಿ ನಮ್ಮ ಪಕ್ಕದೂರಿನ ಅರಳಿಕಟ್ಟೆಯಲ್ಲಿ ಒಂದು ಸಭೆ ನಡೆಯಿತು. ಒಬ್ಬ ಇಂಜಿನಿಯರ್ ಸಾಹೇಬರು ಮೈಕು ಹಿಡಿದು, "ಹೆದರಬೇಡಿ, ಭೂಮಿತಾಯಿಗಿಂತ ದೊಡ್ಡ ಫಿಲ್ಟರ್ ಇಲ್ಲ. ಕೆರೆಯ ಮರಳಿನಲ್ಲಿ ಇಳಿಯೋಷ್ಟರಲ್ಲಿ ನೀರು ಎಳನೀರಾಗುತ್ತೆ" ಎಂದರು. ಕಟ್ಟೆಯ ಕೆಳಗೆ ನಿಂತಿದ್ದ ನಮ್ಮ ದೊಡ್ಡಮ್ಮ ಕೇಳಿದಳು.

"ಯಾವ ಮರಳು ಸಾಮಿ?"

"ಕೆರೆಯಲ್ಲಿರೋ ಮರಳಮ್ಮ."

"ಅದು ನಿಮ್ಮೂರ್ನಾಗೇ ಐತಲ್ಲ ಸಾಮಿ, ಮೂರನೇ ಮಹಡೀಲಿ. ನಮ್ ಹುಡುಗ್ರೇ ತುಂಬಿ ಕಳ್ಸಿದ್ದು."

ಜನ ನಕ್ಕರು. ಸಾಹೇಬರೂ ನಕ್ಕರು. ಉತ್ತರ ಇವತ್ತಿಗೂ ಬಂದಿಲ್ಲ.

ಜುಲೈನಲ್ಲಿ ಕೆರೆಯ ಮೇಲೆ ಬಿಳಿ ನೊರೆ ಎದ್ದಿತು. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು, ಏಪ್ರಿಲ್‌ನಲ್ಲಿ ಬಿಟ್ಟಿತು. ನೀರು ಹರಿಯಿತು. ವರ್ಷಗಟ್ಟಲೆ ಬತ್ತಿದ್ದ ಬೋರುಗಳಲ್ಲಿ ನೀರು ಬಂತು. ಇದನ್ನು ಮುಚ್ಚಿಟ್ಟು ಮಾತಾಡುವುದು ಸುಳ್ಳಾಗುತ್ತದೆ. ಸಾವಿರ ಅಡಿ ಕೊರೆದರೂ ಬರೀ ಧೂಳು ಕಂಡ ನೆಲಕ್ಕೆ, ಬಂದ ನೀರಿನಲ್ಲಿ ಫ್ಲೋರೈಡು ಕುಡಿದು ಹಲ್ಲು ಕಂದಿ ಮೂಳೆ ಬಾಗಿದ ಜನಕ್ಕೆ, ನೀರು ಬೇಡ ಅನ್ನುವ ಹಕ್ಕು ಯಾರಿಗಿದೆ? ನಾವು ಬೇಡ ಅಂದವರಲ್ಲ.

ಬೇಡ ಅಂದವರಲ್ಲಿ ಕೆಲವರ ದನಿಯನ್ನು ಮಾತ್ರ ಸ್ವಲ್ಪ ಕಿವಿಗೊಟ್ಟು ಕೇಳಬೇಕು. "ಕಂಡಕಂಡವರ ಹೇಲುಚ್ಚೆ ನೀರು, ದೇವರ ತಲೆ ಮೇಲೆ ಹೆಂಗೆ ಹಾಕೋದು" ಎಂಬ ಕೂಗು ಅದು. ನೊರೆಯ ಬಗ್ಗೆ, ರೋಗದ ಬಗ್ಗೆ, ಲೋಹದ ಬಗ್ಗೆ ನ್ಯಾಯವಾಗಿ ಕೇಳಿದವರೂ ಇದ್ದರು, ಅವರ ಜೊತೆ ನಾವೂ ನಿಂತೆವು. ಈ ಕೂಗಿಗೆ ಮಾತ್ರ ನಮ್ಮ ದನಿ ಸೇರಿಸಲಾರೆವು. ಮೈಲಿಗೆ ಬೇರೆ, ಕೊಳೆ ಬೇರೆ. ಕೊಳೆಯನ್ನು ಅಳೆಯಬಹುದು, ತೆಗೆಯಬಹುದು. ಮೈಲಿಗೆಗೆ ಅಳತೆಯೂ ಇಲ್ಲ, ಔಷಧಿಯೂ ಇಲ್ಲ, ಅದು ನೋಡುವವನ ತಲೆಯೊಳಗಿನ ಹುಳ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಕೆರೆ ಎಲ್ಲರಿಗೂ ಸೇರಿದ್ದು ಅಂತ ಅಲ್ಲಿನ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಆದರೂ ದಲಿತರ ತಲೆ ಒಡೆದರು. ದನ ನಾಯಿ ಕುಡಿದಾಗ ಕೆಡದ ಕೆರೆ ಮನುಷ್ಯ ಮುಟ್ಟಿದ್ದಕ್ಕೆ ಕೆಟ್ಟಿತು. 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಹಾಕಿ, ಮಂತ್ರ ಹೇಳಿಸಿ ಶುದ್ಧಿ ಮಾಡಿಕೊಂಡರು. ಲಂಡನ್ನಿನ ಚೆಲ್ಸಿ ನೀರು ಕಂಪನಿಗೆ ಜೇಮ್ಸ್ ಸಿಂಪ್ಸನ್ ಎಂಬ ಇಂಜಿನಿಯರು ಥೇಮ್ಸ್ ನದಿಯ ನೀರಿಗೆ ಮರಳಿನ ಶೋಧಕ ಕಟ್ಟಿದ್ದು 1829ರಲ್ಲಿ. ಅಂದರೆ ಅವರು ಮರಳು ಹಾಸಿ 98 ವರ್ಷ ಆದ ಮೇಲೂ ನಮ್ಮ ದೇಶದ ಮಡಿವಂತರು ಕೆರೆಗೆ ಸಗಣಿ ಸುರಿಯುತ್ತಿದ್ದರು! ಇಂಥವರ ವಂಶಸ್ಥರು ಇವತ್ತು ನೀರಿನ ಶುದ್ಧಿಯ ಬಗ್ಗೆ ನಮಗೆ ಪಾಠ ಹೇಳುತ್ತಾರೆ.

ಇರಲಿ. ಆ ಮರಳಿನ ಶೋಧಕದ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡಬೇಕಾದವರು 'ಭೂಮಿತಾಯಿ' ಅಂದುಬಿಟ್ಟು ಜೀಪು ಹತ್ತುತ್ತಾರೆ.

ಹ್ಯಾಂಬರ್ಗ್, ಆಲ್ಟೊನಾ ಅಂತ ಜರ್ಮನಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಊರುಗಳಿದ್ದವು. ಎರಡಕ್ಕೂ ಎಲ್ಬೆ ನದಿಯ ನೀರೇ ಗತಿ. ಹ್ಯಾಂಬರ್ಗ್ ನದಿಯ ಮೇಲುಗಡೆ, ಆಲ್ಟೊನಾ ಕೆಳಗಡೆ. ಹ್ಯಾಂಬರ್ಗಿನ ಮೋರಿಯೆಲ್ಲ ಬಿದ್ದ ನದಿಯಿಂದ ಆಲ್ಟೊನಾದವರು ಕುಡಿಯಬೇಕು. ಹ್ಯಾಂಬರ್ಗ್ ದೊಡ್ಡ ವ್ಯಾಪಾರಿಗಳ ಊರು. ಶೋಧಕ ಕಟ್ಟುವುದನ್ನು ಖರ್ಚಿನ ನೆಪ ಹೇಳಿ ಮುಂದೂಡುತ್ತಲೇ ಬಂದಿತ್ತು. ಆಲ್ಟೊನಾ ಮಾತ್ರ ತನ್ನ ನೀರನ್ನು ಮರಳಿನಲ್ಲಿ ನಿಧಾನ ಇಳಿಸಿ ಕುಡಿಯುತ್ತಿತ್ತು. 1892ರಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ 8 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಲ್ಟೊನಾದಲ್ಲಿ ಸಾವು ಅದರ ಹತ್ತಿರಕ್ಕೂ ಹೋಗಲಿಲ್ಲ. ಗಡಿಯ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಕಾಲರಾ, ಎದುರು ಬದಿಯಲ್ಲಿ ಇಲ್ಲ. ರಾಬರ್ಟ್ ಕೋಖ್ ಇದನ್ನು ಲೋಕಕ್ಕೆ ತೋರಿಸಿಕೊಟ್ಟ. ಪಕ್ಕದ ಊರಿನ ಮೋರಿ ನೀರನ್ನೇ ಸೋಸಿ ಕುಡಿದವರು ಬದುಕಿದರು, ಮೇಲಿದ್ದ ಶ್ರೀಮಂತರ ಊರು ಸತ್ತಿತು. ಈ ಕತೆಯನ್ನು ಬೆಂಗಳೂರು-ಕೋಲಾರದವರು ಓದಿಕೊಳ್ಳಬೇಕು.

ಆ ಶೋಧಕದಲ್ಲಿ ಮಾಯಮಂತ್ರ ಏನೂ ಇಲ್ಲ. ತಳದಲ್ಲಿ ಜಲ್ಲಿ, ಅದರ ಮೇಲೆ ಸುಮಾರು ಒಂದು ಮೀಟರ್ ಸಣ್ಣ ಮರಳು, ಅದರ ಮೇಲೆ ನಿಂತ ನೀರು. ನೀರು ಗಂಟೆಗೆ ಹತ್ತು ಇಪ್ಪತ್ತು ಸೆಂಟಿಮೀಟರಿಗಿಂತ ಜೋರಾಗಿ ಇಳಿಯಬಾರದು. ಕೆಲವು ವಾರ ಹೀಗೆ ಬಿಟ್ಟರೆ ಮರಳಿನ ಮೇಲೆ ಲೋಳೆಯಂಥ ಒಂದು ಪದರ ಕಟ್ಟುತ್ತದೆ. ಅದರಲ್ಲಿರುವ ಸಣ್ಣ ಜೀವಿಗಳು ನೀರಿನಲ್ಲಿ ಬಂದ ರೋಗದ ಕ್ರಿಮಿಗಳನ್ನು ತಿಂದು ಹಾಕುತ್ತವೆ. ಜರ್ಮನಿಯವರು ಆ ಪದರಕ್ಕೆ ಇಟ್ಟ ಹೆಸರು 'ಶ್ಮುಟ್ಸ್‌ಡೆಕೆ', ಕೊಳೆಯ ಹೊದಿಕೆ. ಕೊಳೆಯ ಹೊದಿಕೆಯೇ ಕೊಳೆ ತೆಗೆಯುತ್ತದೆ. ನಮ್ಮ ಮಡಿವಂತರ ತಲೆಗೆ ಇದು ಹತ್ತುವುದು ಕಷ್ಟ. ಹಾಗಂತ ಮರಳು ಎಲ್ಲವನ್ನೂ ಹಿಡಿಯುತ್ತದೆ ಅಂತಲೂ ಅಲ್ಲ. ನೀರಿನಲ್ಲಿ ಕರಗಿದ ಉಪ್ಪು, ನೈಟ್ರೇಟು, ಫ್ಲೋರೈಡು ಅದರಲ್ಲಿ ನಿಲ್ಲುವುದಿಲ್ಲ. ಕಾರ್ಖಾನೆಯ ವಿಷವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು. ಬಗ್ಗಡ ನೀರನ್ನು ನೇರ ಬಿಟ್ಟರೆ ಮರಳು ಬೇಗ ಕಟ್ಟಿಕೊಳ್ಳುತ್ತದೆ, ಮೊದಲು ಜಲ್ಲಿಯಲ್ಲಿ ಹಾಯಿಸಿ ಆಮೇಲೆ ಮರಳಿಗೆ ಬಿಡಬೇಕು.

ಈಗ ನಮ್ಮ ಕೆರೆಗೆ ಬನ್ನಿ. ಮರಳು ತೆಗೆದ ಕೆರೆಯಲ್ಲಿ ಏನು ಉಳಿದಿದೆ? ಒಂದು ಕಡೆ ಅಂಟು ಗೋಡು. ಅದರಲ್ಲಿ ನೀರು ಇಳಿಯುವುದೇ ಇಲ್ಲ, ನಿಂತು ಪಾಚಿ ಕಟ್ಟಿ ಆವಿಯಾಗಿ ಹೋಗುತ್ತದೆ. ಇನ್ನೊಂದು ಕಡೆ ನಾವೇ ತೋಡಿದ ಗುಂಡಿಗಳು. ಎಷ್ಟೋ ಗುಂಡಿ ಬಂಡೆಯ ತನಕ ಹೋಗಿವೆ. ಕೋಲಾರದ ನೆಲದಡಿ ಇರುವುದು ಕಗ್ಗಲ್ಲು, ನೀರು ಹೋಗುವುದು ಅದರ ಬಿರುಕುಗಳಲ್ಲಿ. ಬಿರುಕಿಗೆ ಬಿದ್ದ ನೀರನ್ನು ಯಾವ ಮರಳೂ ಸೋಸುವುದಿಲ್ಲ, ಮೇಲೆ ಇದ್ದ ಹಾಗೇ ಕೆಳಗೆ ಹೋಗುತ್ತದೆ. ಬಾಯಿ ತೆರೆದು ಬಿದ್ದಿರುವ ಹಳೆಯ ಬೋರುಗಳ ಮಾತು ಹೇಳುವುದೇ ಬೇಡ. ಒಂದೋ ಇಳಿಯದು, ಇಳಿದರೆ ಸೋಸದು. ಇದಕ್ಕೆ ಫಿಲ್ಟರ್ ಅಂತ ಹೆಸರು.

ಮಾತೆತ್ತಿದರೆ ಇಸ್ರೇಲ್ ಇಸ್ರೇಲ್ ಅನ್ನುತ್ತಾರೆ. ಸರಿ, ಟೆಲ್ ಅವೀವ್ ಸುತ್ತಲ ಊರುಗಳ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಮರಳಿನ ಬಯಲಿಗೆ ಬಿಡುವುದು ನಿಜ. ಅಲ್ಲಿರುವುದು ಸಮುದ್ರದ ದಂಡೆಯ ಮರಳು, ಅದನ್ನು ಯಾರೂ ಲಾರಿಗೆ ತುಂಬಿಲ್ಲ. ಕೊಳ ತುಂಬಿಸುತ್ತಾರೆ, ಒಣಗಲು ಬಿಡುತ್ತಾರೆ, ಮತ್ತೆ ತುಂಬಿಸುತ್ತಾರೆ, ಒಣಗಿದಾಗ ಮೇಲ್ಪದರ ಸಡಿಲಿಸುತ್ತಾರೆ. ಇಳಿದ ನೀರನ್ನು ಸುತ್ತ ಕೊರೆದ ಬಾವಿಗಳಿಂದ ಎತ್ತಿ ನೆಗೆವ್ ಕಡೆಯ ಬೇಸಾಯಕ್ಕೆ ಕಳಿಸುತ್ತಾರೆ. ಇಲ್ಲಿ ಆ ನೀರು ಇಳಿಯುವ ಜಾಗದ ಪಕ್ಕದಲ್ಲೇ ನಮ್ಮ ಕಾಲೋನಿಯ ಕೈಪಂಪು ಇದೆ.

ಖರ್ಚು, ಜಾಗ ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಹೇಳಿದಷ್ಟೂ ನೀರು, ಅಂದರೆ ದಿನಕ್ಕೆ 44 ಕೋಟಿ ಲೀಟರು ಬಂದರೆ, ಗಂಟೆಗೆ 10 ಸೆಂಟಿಮೀಟರಿನಂತೆ ಒಂದು ಚದರ ಮೀಟರ್ ಮರಳಿನಲ್ಲಿ ದಿನಕ್ಕೆ 2,400 ಲೀಟರು ಇಳಿಯುತ್ತದೆ. ಭಾಗಿಸಿ ನೋಡಿ, 1 ಲಕ್ಷ 83 ಸಾವಿರ ಚದರ ಮೀಟರ್. ಸುಮಾರು 45 ಎಕರೆ! ಕೆರೆಯುವಾಗ ಬದಲಿಗೆ ಬೇಕಾದ ಹಾಸುಗಳೂ ಸೇರಿ 60 ಎಕರೆ ಅನ್ನಿ. ಲಕ್ಷ್ಮೀಸಾಗರದ ಹತ್ತಿರದ ನರಸಾಪುರದಲ್ಲಿ ಕಾರ್ಖಾನೆಗಳಿಗೆ ನೂರಾರು ಎಕರೆ ಹುಡುಕಿ ಕೊಟ್ಟ ಸರ್ಕಾರಕ್ಕೆ ಇಡೀ ಜಿಲ್ಲೆಯ ಹೊಟ್ಟೆಗೆ ಇಳಿಯುವ ನೀರಿಗಾಗಿ 60 ಎಕರೆ ಸಿಗಲಿಲ್ಲವೇ? ಮರಳು ಎಲ್ಲಿಂದ ತರುವುದು ಅಂತೀರಾ? ಒಂದು ಮೀಟರ್ ದಪ್ಪಕ್ಕೆ 1 ಲಕ್ಷ 83 ಸಾವಿರ ಘನ ಮೀಟರ್ ಬೇಕು. ಬೆಂಗಳೂರು ಕೊಡಲಿ. ಇಸಕೊಂಡದ್ದು ವಾಪಸ್ಸು ಕೊಟ್ಟ ಹಾಗಾಗುತ್ತದೆ.

ಇದನ್ನು ಬರೆಯುವಾಗಲೇ ನನಗೆ ಒಂದು ಭಯವೂ ಇದೆ. ಆ ಪದರ ದಪ್ಪವಾಗಿ ನೀರು ಇಳಿಯದೆ ನಿಂತಾಗ, ನೀರು ಬಸಿದು, ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಸಲಿಕೆಯಿಂದ ಕೆರೆದು ತೆಗೆಯಬೇಕು. ಯಾರು ಕೆರೆಯುತ್ತಾರೆ? ಬೇರೆ ದೇಶದ ಇಂಜಿನಿಯರಿಂಗ್ ಪುಸ್ತಕದಲ್ಲಿ 'ಕೆಲಸಗಾರ' ಅಂತ ಬರೆದಿರುತ್ತದೆ. ಇಲ್ಲಿ ಆ ಪದದ ಜಾಗದಲ್ಲಿ ಒಂದು ಜಾತಿಯ ಹೆಸರು ತಾನಾಗಿಯೇ ಮೂಡಿಕೊಳ್ಳುತ್ತದೆ. ಚಿನ್ನ ತೆಗೆದ ಕೆ.ಜಿ.ಎಫ್.ನಲ್ಲೇ ತಲೆಯ ಮೇಲೆ ಮಲ ಹೊತ್ತ ಮನೆಗಳಿದ್ದವು. ಅಂಥ ಒಂದು ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶವನ್ನೇ ಎಬ್ಬಿಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಮಲ ಹೊರಿಸುವುದನ್ನು ನಿಷೇಧಿಸಿದ ಕಾಯ್ದೆ 2013ರದು. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಮ್ಯಾನ್‌ಹೋಲಿಗೆ ಇಳಿದ ಮೂವರು ಹೆಣವಾಗಿ ಬಂದರು. ಕಾಯ್ದೆಗೆ ಆಗಲೇ ಮೂರು ವರ್ಷ ದಾಟಿತ್ತು. ಹಾಗಾಗಿ ಶೋಧಕ ಕಟ್ಟಿ ಅಂತ ಕೇಳುವ ನಾವು, ಅದನ್ನು ಕೆರೆಯುವ ಕೆಲಸ ಕಾಲೋನಿಗೆ ಮೀಸಲು ಅಂತ ಆದರೆ ಸಲಿಕೆ ಎಸೆದು ಬರುವವರೂ ನಾವೇ. ಬೂಟು, ಕೈಗವಸು, ಖಾಯಂ ಸಂಬಳ ಕೊಟ್ಟು ಆ ಕೆಲಸಕ್ಕೆ ಎಲ್ಲ ಜಾತಿಯವರ ಅರ್ಜಿ ಕರೆಯಲಿ. ಎಷ್ಟು ಜನ ಶರ್ಮಾ, ಗೌಡ ಅರ್ಜಿ ಹಾಕುತ್ತಾರೆ ಅಂತ ನೋಡುವ ಆಸೆ ನನಗೂ ಇದೆ.

ನಮ್ಮ ತಾತ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಇಷ್ಟು ಕಾಳು ಇಸಕೊಳ್ಳುವುದು ಅವನ ಕೂಲಿ. ತೂಬು ಎತ್ತುವ ಕೈ ನಮ್ಮದಾಗಬಹುದು, ಅದೇ ನೀರಿಗೆ ಬಿಂದಿಗೆ ಮುಳುಗಿಸುವ ಕೈ ನಮ್ಮದಾಗುವಂತಿಲ್ಲ. ಊರಿಗೆಲ್ಲ ನೀರು ಹಂಚಿದವನು ತನ್ನ ಮನೆಗೆ ಕೋಡಿಯ ಕೆಳಗೆ ಹಳ್ಳದ ಮರಳಿನಲ್ಲಿ ಒರತೆ ತೋಡಿ, ಜಿನುಗುವ ನೀರನ್ನು ಚಿಪ್ಪಿನಲ್ಲಿ ಮೊಗೆದು ತರುತ್ತಿದ್ದ. ಆ ನೀರು ಕೆರೆಯ ನೀರಿಗಿಂತ ತಿಳಿಯಾಗಿತ್ತು ಅಂತ ಅಜ್ಜಿ ಹೇಳುತ್ತಿದ್ದಳು. ಆಗಲೇಬೇಕು. ಕೆರೆಯಿಂದ ಮರಳಿನೊಳಗೆ ನಿಧಾನ ಬಸಿದು ಬಂದ ನೀರು ಅದು. ಸಿಂಪ್ಸನ್ ಕಟ್ಟಿದ್ದನ್ನೇ ನಮ್ಮವರು ಅಂಗೈಯಲ್ಲಿ ತೋಡಿಕೊಂಡಿದ್ದರು. ಇದನ್ನು 'ದಲಿತರ ಜಲಜ್ಞಾನ' ಅಂತ ಯಾರಾದರೂ ಬುದ್ಧಿಜೀವಿಗಳು ಸೆಮಿನಾರಿನಲ್ಲಿ ಹಾಡಿ ಹೊಗಳುವುದು ಬೇಡ. ಕೆರೆಗೆ ಬಿಡಲಿಲ್ಲ, ಅದಕ್ಕೆ ತೋಡಿಕೊಂಡರು, ಅಷ್ಟೆ.

ಆ ಹಳ್ಳದ ಮರಳನ್ನು ಲಾರಿಗೆ ತುಂಬಿದವರಲ್ಲಿ ನಾನೂ ಒಬ್ಬ. ರಾತ್ರಿಗೆ ಇಷ್ಟು ಅಂತ ಕೂಲಿ ಇಸಕೊಂಡು ತಾತನ ಒರತೆಯನ್ನು ನಾನೇ ಮಾರಿದೆ. ಹಸಿವಿಗೆ ಮಾರಿದೆ ಅಂತ ಹೇಳಿಕೊಳ್ಳಬಹುದು, ಹೇಳಿಕೊಳ್ಳುತ್ತಲೂ ಇದ್ದೇನೆ. ರಾತ್ರಿ ನಿದ್ದೆ ಮಾತ್ರ ಇದನ್ನು ಒಪ್ಪುವುದಿಲ್ಲ.

ಇನ್ನು, ಇಂಗಿದ ನೀರು ಯಾರದು? ಕೆರೆ ಸರ್ಕಾರದ್ದು, ಪೈಪು ಸರ್ಕಾರದ್ದು, ಕರೆಂಟು ಸರ್ಕಾರದ್ದು. ನೀರು ನೆಲದೊಳಕ್ಕೆ ಇಳಿದ ಕ್ಷಣ ಅದು ಮೇಲಿನ ಜಮೀನಿನವನದು. 1882ರಲ್ಲಿ ಬ್ರಿಟಿಷರು ಮಾಡಿದ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದ ನಡೆದು ಬಂದ ನ್ಯಾಯ ಇದು. ನೆಲ ಇದ್ದವನಿಗೆ ಬೋರು, ಬೋರು ಇದ್ದವನಿಗೆ ಟೊಮೆಟೊ, ಟೊಮೆಟೊ ಇದ್ದವನಿಗೆ ಮಂಡಿ. ನೆಲ ಇಲ್ಲದವನಿಗೆ ಅವನ ತೋಟದಲ್ಲಿ ಕಾಯಿ ಕೀಳುವ ಕೂಲಿ. ಗಂಗಾ ಕಲ್ಯಾಣದಲ್ಲಿ ಬೋರು ಸಿಕ್ಕ ನಮ್ಮವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಬೋರು ಹಾಕಿಸಲು ಮೊದಲು ನೆಲ ಬೇಕಲ್ಲ? ನಮ್ಮ ಕಾಲೋನಿಯಲ್ಲಿ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ಬಿಲ್ಲೆ ಹಾಕಿದರೆ ಒಂದು ಕ್ಯಾನು ನೀರು. ಘಟಕ ಕೆಟ್ಟ ದಿನ, ಅದು ಕೆಡುವ ದಿನಗಳೇನೂ ಕಮ್ಮಿಯಲ್ಲ, ಎಲ್ಲರೂ ಕೈಪಂಪಿಗೇ ಹೋಗಬೇಕು. ಸೋಸದ ನೀರು ನೆಲಕ್ಕೆ ಇಳಿದರೆ ತೋಟದವನ ಟೊಮೆಟೊಗೆ ಭೇದಿ ಆಗುವುದಿಲ್ಲ. ಆಗುವುದು ಆ ಕೈಪಂಪಿನ ಮುಂದೆ ಬಿಂದಿಗೆ ಹಿಡಿದು ನಿಂತ ಕೂಸಿಗೆ. ನೀರು ಏರಿದ ಲಾಭ ಒಬ್ಬನಿಗೆ, ಕೊಳೆ ಇಳಿದ ನಷ್ಟ ಇನ್ನೊಬ್ಬನಿಗೆ!

ಮೂರನೆಯ ಹಂತದ ಶುದ್ಧಿಯ ಮಾತು ಆಗಾಗ ಏಳುತ್ತದೆ, ಚುನಾವಣೆ ಬಂದಾಗ ಇನ್ನೂ ಜೋರಾಗಿ ಏಳುತ್ತದೆ. ಕೋಟಿಗಟ್ಟಲೆ ಯಂತ್ರ, ಕಂಟ್ರಾಕ್ಟು, ಕಮಿಷನ್ನು ಅಂತ ಕೂರುವ ಬದಲು, ನೀರು ಕೆರೆಗೆ ಬೀಳುವ ಮುಂಚೆ ಜಲ್ಲಿ ಮತ್ತು ಮರಳಿನ ಹಾಸು ಹಾಕಿ. ಬೀಳುವ ನೀರನ್ನೂ ಕಾಲೋನಿಯ ಕೈಪಂಪಿನ ನೀರನ್ನೂ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ಕನ್ನಡದಲ್ಲಿ ಕಾಲೋನಿಯ ಗೋಡೆಗೆ ಬರೆಯಿಸಿ, ಪಂಚಾಯ್ತಿಯ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ತೆರೆದು ಬಿದ್ದ ಹಳೆಯ ಬೋರುಗಳನ್ನು ಮುಚ್ಚಿಸಿ. ತುಂಬಿದ ಪ್ರತಿ ಕೆರೆಯ ಕೆಳಗೆ ನೆಲವಿಲ್ಲದವರ ಹೆಸರಿನಲ್ಲಿ ಒಂದು ಸಾರ್ವಜನಿಕ ಬಾವಿ ತೋಡಿಸಿ, ಅದಕ್ಕೆ ಕೀಲಿ ಬೇಡ, ಕಾವಲಿಗೆ ನೀರುಗಂಟಿಯ ಮೊಮ್ಮಕ್ಕಳು ಇದ್ದಾರೆ.

ಮುಂದಿನ ತಿಂಗಳು ಮತ್ತೆ ಒಂದು ಸಭೆ ಇದೆಯಂತೆ, ಈ ಸಲ ಶಾಮಿಯಾನ ಹಾಕಿಸುತ್ತಾರಂತೆ. ದೊಡ್ಡಮ್ಮನಿಗೆ ಈಗ ನಡೆಯಲು ಆಗುವುದಿಲ್ಲ, ಮಂಡಿ ಬಾಗಿದೆ. ಆಟೋದಲ್ಲಿ ಕರೆದುಕೊಂಡು ಹೋಗುತ್ತೇವೆ. ಈ ಸಲ ಅವಳು ಕಟ್ಟೆಯ ಕೆಳಗೆ ನಿಲ್ಲುವುದಿಲ್ಲ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತೇವೆ. ಕೈಪಂಪಿನ ನೀರಿನ ಒಂದು ಬಾಟಲಿಯನ್ನು ವೇದಿಕೆಯ ಮೇಲಿನ ಸೀಲು ಒಡೆಯದ ಬಾಟಲಿಗಳ ಪಕ್ಕದಲ್ಲೇ ಇಡುತ್ತೇವೆ. ಬರುವವರು ಬನ್ನಿ.